ಹಳೆಯ ಹಾರ್ಡ್ ಡಿಸ್ಕಿನ ಜೀರ್ಣೋದ್ಧಾರವೂ ಗ್ರಂಥಸಂಪಾದನೆಯೂ

೧. ವಿಷಯಪ್ರವೇಶ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಓಲೆಯ ಪ್ರತಿ, ಕಾಗದದ ಪ್ರತಿ ಎಂಬ ಎರಡು ಬಗೆಯ ಮಾತೃಕೆಗಳು ಸುಪರಿಚಿತವಾಗಿವೆ. ಶಾಸನಗಳನ್ನೂ ಸೇರಿಸಿಕೊಂಡರೆ ಶಿಲೆ ತಾಮ್ರಗಳು ಕೂಡ ಈ ವರ್ಗಕ್ಕೆ ಬರುತ್ತವೆ. ಇವುಗಳಲ್ಲದೆ ಮತ್ತೊಂದು ಬಗೆಯ ಮಾತೃಕೆಯು ಕಳೆದ ನಾಲ್ವತ್ತು ವರ್ಷಗಳಲ್ಲಿ ನಮ್ಮ ವಿದ್ವಾಂಸರ ಮನೆಗಳಲ್ಲಿ ಸದ್ದಿಲ್ಲದೆ ಹುಟ್ಟಿಕೊಂಡಿದೆ. ಅದೇ ಗಣಕಯಂತ್ರದ ಡಿಸ್ಕು. ೧೯೮೦ರ ದಶಕದ ಉತ್ತರಾರ್ಧದಿಂದೀಚೆಗೆ ಪದಸೂಚಿ, ಪಾಠಾಂತರಪಟ್ಟಿ, ಟಿಪ್ಪಣಿ, ಉಪನ್ಯಾಸ ಮೊದಲಾದುವನ್ನು ಕೆಲವರು ಕಾಗದವನ್ನು ಮುಟ್ಟದೆ ನೇರವಾಗಿ ಯಂತ್ರದಲ್ಲಿಯೇ ರಚಿಸತೊಡಗಿದರು. ಅಂತಹ ಕೃತಿಗಳಿಗೆ ಡಿಸ್ಕಿನ ಹೊರತು ಬೇರೆ ಮೂಲಪ್ರತಿಯೇ ಇಲ್ಲ. ಓಲೆಯು ಒಳ್ಳೆಯ ರಕ್ಷಣೆಯಲ್ಲಿದ್ದರೆ ಶತಮಾನಗಳ ಕಾಲ ಬಾಳುತ್ತದೆ. ಡಿಸ್ಕಿನ ಆಯುಸ್ಸನ್ನಾದರೋ ದಶಕಗಳಲ್ಲಿ ಎಣಿಸಬೇಕಾಗಿದೆ. ಆದುದರಿಂದ ಈ ಮಾತೃಕೆಗಳ ಉದ್ಧಾರವು ಮುಂದಿನ ತಲೆಮಾರಿಗೆ ಬಿಡತಕ್ಕ ಕಾರ್ಯವಲ್ಲ.

ಈ ಕಾರ್ಯವು ಯಂತ್ರಜ್ಞರದು, ಪಂಡಿತರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರುಂಟು. ಯಂತ್ರವನ್ನು ಚಲಿಸುವಂತೆ ಮಾಡುವುದು ಯಂತ್ರಜ್ಞರ ಕೆಲಸವೆಂಬುದು ದಿಟ. ಆದರೆ ಯಂತ್ರವು ಚಲಿಸಿದ ಮಾತ್ರಕ್ಕೆ ಗ್ರಂಥವು ಉಳಿದಂತಾಗಲಿಲ್ಲ. ಮೊದಲು ಮೂಲವನ್ನು ತಿದ್ದದೆ ಸಮಗ್ರವಾಗಿ ಪ್ರತಿಮಾಡಿಕೊಳ್ಳಬೇಕು. ಆಮೇಲೆ ಅದರ ಲಿಪಿಯ ಕೀಲಿಯನ್ನು ಪಠ್ಯದೊಡನೆಯೇ ಕಾಪಾಡಬೇಕು. ಓದಿ ಅರ್ಥಮಾಡುವುದು ಕೊನೆಗೆ. ಈ ಕ್ರಮವು ಗ್ರಂಥಸಂಪಾದಕರಿಗೆ ಹೊಸದಲ್ಲ. ಇದನ್ನು ಬಲ್ಲವರ ಕಣ್ಣು ಜೊತೆಗಿಲ್ಲದಿದ್ದರೆ ಎಷ್ಟೇ ಕುಶಲನಾದ ಯಂತ್ರಜ್ಞನಿಂದಲೂ ಹಳಗನ್ನಡದ ಪಠ್ಯವು ಕೆಡುವ ಸಂಭವವಿದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಯಂತ್ರದ ಪರಿಚಯ

ಬೆಂಗಳೂರಿನ ವೈಯಾಲಿಕಾವಲಿನಲ್ಲಿ ದಿವಂಗತರಾದ ಒಬ್ಬ ಕನ್ನಡ ಅಧ್ಯಾಪಕರ ಮನೆಯಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಶ್ ಪ್ಲಸ್ ಎಂಬ ಗಣಕವೂ ಅದಕ್ಕೆ ಹೊರಗಿನಿಂದ ಜೋಡಿಸತಕ್ಕ ಹಾರ್ಡ್ ಡಿಸ್ಕೂ ಬಹುಕಾಲದಿಂದ ಬಟ್ಟೆ ಹೊದಿಸಿಟ್ಟಂತೆಯೇ ಇದ್ದುವು. ಅಮೆರಿಕದಲ್ಲಿದ್ದ ಬಂಧುಗಳು ಅವನ್ನು ತಂದುಕೊಟ್ಟಿದ್ದರು. ರನ್ನನ ಗದಾಯುದ್ಧಕ್ಕೆ ತಮ್ಮ ತಂದೆಯವರು ವರ್ಷಗಟ್ಟಲೆ ಕುಳಿತು ರಚಿಸಿದ ಪದಸೂಚಿಯು ಆ ಡಿಸ್ಕಿನಲ್ಲಿದೆಯೆಂದೂ ಅದರ ಮುದ್ರಿತ ಹಾಳೆಗಳು ಕೆಲವು ಮಾತ್ರ ಉಳಿದಿವೆಯೆಂದೂ ಮನೆಯವರು ಹೇಳಿದರು. ಯಂತ್ರದ ಕೆಲಸವನ್ನು ಎಸ್.ಪಿ. ರಸ್ತೆಯ ಒಬ್ಬ ಕುಶಲಿಗಳು ವಹಿಸಿಕೊಂಡರು. ಪಠ್ಯದ ಕೆಲಸವು ನಮ್ಮ ಪಾಲಿಗೆ ಬಂದಿತು.

ಮ್ಯಾಕಿಂಟಾಶ್ ಪ್ಲಸ್ ಯಂತ್ರವು ೧೯೮೬ನೆಯ ಜನವರಿಯಲ್ಲಿ ಹೊರಬಂದುದು. ಅದರೊಳಗೆ ಹಾರ್ಡ್ ಡಿಸ್ಕು ಇರಲಿಲ್ಲ; ೮೦೦ ಕಿಲೋಬೈಟಿನ ಒಂದು ಫ್ಲಾಪಿ ಮಾತ್ರ ಇದ್ದಿತು. ಹೆಚ್ಚಿನ ಸಂಗ್ರಹ ಬೇಕಾದವರಿಗೆಂದು ಅದೇ ವರ್ಷ ಹಾರ್ಡ್ ಡಿಸ್ಕ್ ೨೦ಎಸ್‌ಸಿ ಎಂಬ ಪೆಟ್ಟಿಗೆಯು ಬಂದಿತು. ಗಣಕದ ಅಡಿಗೆ ಪೀಠದಂತೆ ಕೂರುವ ಹಾಗೆ ಅದನ್ನು ರಚಿಸಿದ್ದಾರೆ. ಇವೆರಡರ ನಡುವಣ ಸಂಭಾಷಣೆಯ ಪದ್ಧತಿಗೆ ಸ್ಕಸಿ ಎಂದು ಹೆಸರು. ಒಂದೇ ಸಾಲಿನಲ್ಲಿ ಎಂಟು ಸಾಧನಗಳವರೆಗೆ ಜೋಡಿಸಬಹುದು; ಒಂದೊಂದಕ್ಕೂ ಸೊನ್ನೆಯಿಂದ ಏಳರವರೆಗಿನ ಒಂದು ಸಂಖ್ಯೆಯೇ ಗುರುತು; ಗಣಕವು ಏಳನೆಯದನ್ನು ತನಗಾಗಿ ಇಟ್ಟುಕೊಳ್ಳುತ್ತದೆ. ಸಾಲಿನ ಎರಡು ಕೊನೆಗಳಲ್ಲಿಯೂ ಟರ್ಮಿನೇಟರ್ ಎಂಬ ನಿರೋಧಕವಿರಬೇಕು. ಇಲ್ಲವಾದರೆ ಸಂಕೇತಗಳು ಕೊನೆಯಿಂದ ಪ್ರತಿಧ್ವನಿಸಿ ಒಂದರ ಮೇಲೊಂದು ಬೀಳುತ್ತವೆ.

ಪೆಟ್ಟಿಗೆಯೊಳಗಿದ್ದುದು ಸೀಗೇಟ್ ಸಂಸ್ಥೆಯ ಎಸ್‌ಟಿ-೨೨೫ಎನ್ ಎಂಬ ಡಿಸ್ಕು. ಅದರಲ್ಲಿ ಒಂದೇ ಅಚ್ಚಿನ ಮೇಲೆ ಎರಡು ತಟ್ಟೆಗಳು ನಿಮಿಷಕ್ಕೆ ೩,೬೦೦ ಸುತ್ತು ತಿರುಗುತ್ತವೆ. ತಟ್ಟೆಗಳ ನಾಲ್ಕು ಮೈಗಳಿಗೂ ಕಬ್ಬಿಣದ ಆಕ್ಸೈಡಿನ ಲೇಪವುಂಟು. ಒಂದೊಂದು ಮೈಗೆ ಓದಿ ಬರೆಯುವ ಒಂದೊಂದು ಹೆಡ್ಡು. ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆಯು ಎಬ್ಬಿಸಿದ ಗಾಳಿಯ ಮೇಲೆ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆಯಾದ ಅಂತರದಲ್ಲಿ ತೇಲುತ್ತದೆ. ತಟ್ಟೆಯ ಮೇಲೆ ೬೧೫ ಏಕಕೇಂದ್ರ ಪಥಗಳು. ಪಥಗಳು ಖಂಡಗಳಾಗಿ ವಿಭಕ್ತವಾಗಿವೆ. ಖಂಡವೊಂದರಲ್ಲಿ ೫೧೨ ಬೈಟುಗಳು. ಒಟ್ಟಿನಲ್ಲಿ ಸುಮಾರು ನಾಲ್ವತ್ತು ಸಾವಿರ ಖಂಡಗಳು, ಎರಡು ಕೋಟಿಗೆ ಮೇಲ್ಪಟ್ಟ ಬೈಟುಗಳು. ಪುಟವೊಂದಕ್ಕೆ ೧,೫೦೦ ಸಂಕೇತಗಳಂತೆ ಎಣಿಸಿದರೆ ಹದಿಮೂರು ಹದಿನಾಲ್ಕು ಸಾವಿರ ಪುಟಗಳಾಗುತ್ತವೆ. ಇಂದಿನ ಲೆಕ್ಕದಲ್ಲಿ ಇದು ಅತ್ಯಲ್ಪ. ಆದರೆ ಒಬ್ಬ ವಿದ್ವಾಂಸನ ಜೀವಮಾನದ ಬರವಣಿಗೆಗೆ ಇಷ್ಟು ಸ್ಥಳವು ಸಾಕು.

೩. ಶರೀರಶುದ್ಧಿ

ಇಂತಹ ಪೆಟ್ಟಿಗೆಯು ಕೈಗೆ ಬಂದೊಡನೆ ಅದನ್ನು ವಿದ್ಯುತ್ತಿಗೆ ಜೋಡಿಸಿ ನೋಡುವ ಆತುರವು ಸ್ವಾಭಾವಿಕ. ಅದನ್ನು ತಡೆಯತಕ್ಕದ್ದು. ಮೊದಲನೆಯದಾಗಿ, ಅಮೆರಿಕದಿಂದ ಬಂದ ಯಂತ್ರವು ಅಲ್ಲಿನ ೧೨೦ ವೋಲ್ಟಿಗೆ ತಕ್ಕುದಾಗಿರಬಹುದು. ನಮ್ಮಲ್ಲಿಯ ವಿದ್ಯುತ್ತು ೨೩೦ ವೋಲ್ಟು. ಪೆಟ್ಟಿಗೆಯ ಹಿಂಬದಿಯ ಬರಹವನ್ನು ಓದದೆ ಜೋಡಿಸಿದರೆ ಒಂದು ಕ್ಷಣದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಎರಡನೆಯದಾಗಿ, ವೋಲ್ಟೇಜು ಸರಿಯಾಗಿದ್ದರೂ ಕೆಪಾಸಿಟರುಗಳು ಹಳತಾಗಿರುತ್ತವೆ. ಆ ಕಾಲದ ಅನೇಕ ಯಂತ್ರಗಳಲ್ಲಿ ವಿದ್ಯುತ್ತು ಒಳಬರುವ ಬಾಗಿಲಲ್ಲಿಯೇ ಲೋಹಲೇಪವುಳ್ಳ ಕಾಗದದ ಕೆಪಾಸಿಟರುಗಳನ್ನು ಇಟ್ಟಿದ್ದರು. ಅವುಗಳ ಹೊರಗವಚವು ಕಾಲಕ್ರಮದಲ್ಲಿ ಬಿರುಕುಬಿಟ್ಟು ತೇವವನ್ನು ಹೀರುತ್ತದೆ. ಬಹುಕಾಲದ ಮೇಲೆ ವಿದ್ಯುತ್ತು ಹರಿದಾಗ ದಟ್ಟವಾದ ಹೊಗೆಯನ್ನು ಕಾರಿ ಸುಡುತ್ತವೆ. ದ್ರವ ತುಂಬಿದ ಇತರ ಕೆಪಾಸಿಟರುಗಳು ಒಣಗಿಯೋ ಸೋರಿಯೋ ಕೆಟ್ಟಿರುತ್ತವೆ. ಗಣಕದ ಬ್ಯಾಟರಿಯೂ ಸೋರುವಂತಹುದೇ, ಅದನ್ನು ತೆಗೆದುಬಿಡಬೇಕು.

ನಮ್ಮ ಕುಶಲಿಗಳು ಪೆಟ್ಟಿಗೆಯ ಹಳೆಯ ವಿದ್ಯುತ್‌ಭಾಗವನ್ನು ಪಕ್ಕಕ್ಕಿಟ್ಟು, ಡಿಸ್ಕನ್ನು ಹೊರತೆಗೆದು, ಅದಕ್ಕೆ ಬೇಕಾದ ೫ ವೋಲ್ಟು ಮತ್ತು ೧೨ ವೋಲ್ಟುಗಳನ್ನು ಹೊಸದೊಂದು ಪವರ್ ಸಪ್ಲೈಯಿಂದ ಕೊಟ್ಟರು. ಈ ಕ್ರಮವು ಪ್ರಶಸ್ತವಾದುದು. ಪೆಟ್ಟಿಗೆಯ ದುರಸ್ತಿಯನ್ನು ನಿಧಾನವಾಗಿ ಮಾಡಿಕೊಳ್ಳಬಹುದು; ಮೊದಲ ಓದಿನ ಅವಕಾಶವು ಮಾತ್ರ ಮತ್ತೆ ದೊರೆಯದೆ ಹೋಗಬಹುದು. ಡಿಸ್ಕಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಹೆಡ್ಡು ತೇಲುವ ಅಂತರಕ್ಕಿಂತ ನಮ್ಮ ಬೀದಿಯ ಧೂಳಿನ ಕಣವು ಎಷ್ಟೋ ಪಾಲು ದೊಡ್ಡದು. ಅದು ಒಳಹೊಕ್ಕರೆ ಹೊಲದಲ್ಲಿ ಸಿಕ್ಕ ಕಲ್ಲಿಗೆ ನೇಗಿಲು ತಾಗಿದಂತಾಗುತ್ತದೆ.

ವರ್ಷಗಟ್ಟಲೆ ನಿಂತ ತಟ್ಟೆಗೆ ಹೆಡ್ಡುಗಳು ಅಂಟಿಕೊಂಡು ಅಚ್ಚು ತಿರುಗದಿರುವುದೂ ಉಂಟು. ಆಗ ಡಿಸ್ಕನ್ನು ತಟ್ಟುವುದಾಗಲಿ ಕುಟ್ಟುವುದಾಗಲಿ ತಕ್ಕುದಲ್ಲ. ಬೀಸುಗಲ್ಲನ್ನು ಅರ್ಧ ಸುತ್ತು ತಿರುಗಿಸುವಂತೆ ಡಿಸ್ಕನ್ನು ಮಟ್ಟವಾಗಿ ಹಿಡಿದು ಮಣಿಕಟ್ಟಿನಿಂದ ಒಮ್ಮೆ ಮೆಲ್ಲಗೆ ತಿರುಗಿಸಿದರೆ ಕೆಲವು ವೇಳೆ ಬಿಡುತ್ತದೆ. ನಮ್ಮ ಡಿಸ್ಕಿನಲ್ಲಿ ಈ ತೊಂದರೆ ಕಾಣಲಿಲ್ಲ.

೪. ಪಡಿಯಚ್ಚು

ಶಾಸನವನ್ನು ಓದುವವರು ಶಿಲೆಯ ಮುಂದೆ ನಿಂತು ಕಂಡಷ್ಟನ್ನು ಬರೆದುಕೊಂಡು ಹೋಗುವುದಿಲ್ಲ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯುತ್ತಾರೆ. ಆ ಅಚ್ಚಿನಲ್ಲಿ ಅಕ್ಷರವೂ ಬರುತ್ತದೆ, ಕಲ್ಲಿನ ಬಿರುಕೂ ಬರುತ್ತದೆ. ಇಂದು ಓದಲಾರದ ಅಕ್ಷರವನ್ನು ನಾಳೆ ಮತ್ತೊಬ್ಬ ವಿದ್ವಾಂಸನು ಅದೇ ಅಚ್ಚಿನಿಂದ ಓದುವನು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನರಿನಿಂದ ಪ್ರತಿಮಾಡುತ್ತಿರುವುದೂ ಇದೇ ತತ್ತ್ವದ ಮೇಲೆಯೇ.

ಡಿಸ್ಕಿನಿಂದ ಕಡತಗಳನ್ನು ಒಂದೊಂದಾಗಿ ನಕಲು ಮಾಡುವುದು ಕಲ್ಲಿನ ಮುಂದೆ ನಿಂತು ಬರೆದುಕೊಂಡಂತೆ. ಮೊದಲ ಖಂಡದಿಂದ ಕೊನೆಯ ಖಂಡದವರೆಗೆ ಇದ್ದುದನ್ನು ಇದ್ದಂತೆಯೇ ಒಂದೇ ಮೊತ್ತವಾಗಿ ತೆಗೆದುಕೊಳ್ಳುವುದು ಪಡಿಯಚ್ಚು. ಗಣಕಜ್ಞರು ಇದನ್ನು ಡಿಸ್ಕ್ ಇಮೇಜ್ ಎನ್ನುತ್ತಾರೆ. ಅಳಿಸಿಹಾಕಿದ ಕಡತಗಳ ಅವಶೇಷವೂ ಇದರಲ್ಲಿ ಬರುತ್ತದೆ. ಏಕೆಂದರೆ ಗಣಕವು ಕಡತವನ್ನು ಅಳಿಸುವಾಗ ಸಾಮಾನ್ಯವಾಗಿ ಅದರ ಹೆಸರನ್ನು ಪಟ್ಟಿಯಿಂದ ತೆಗೆಯುವುದೇ ಹೊರತು ಒಡಲನ್ನು ಕೂಡಲೇ ಒರೆಸುವುದಿಲ್ಲ.

ಈ ಕಾರ್ಯಕ್ಕೆ ಡಿಸ್ಕನ್ನು ಮೊದಲು ಮ್ಯಾಕಿಂಟಾಶಿಗೆ ಜೋಡಿಸತಕ್ಕದ್ದಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಆ ಯಂತ್ರವು ಡಿಸ್ಕನ್ನು ಸ್ವೀಕರಿಸಿದೊಡನೆಯೇ ಅದರ ಮೇಲೆ ಕೆಲವು ಗುರುತುಗಳನ್ನು ತಾನಾಗಿ ಬರೆಯುತ್ತದೆ. ಓದಲಾರದ ಡಿಸ್ಕನ್ನು ಕಂಡರೆ ಇದನ್ನು ಹೊಸದಾಗಿ ಅಣಿಗೊಳಿಸಲೇ ಎಂದು ಕೇಳುತ್ತದೆ. ಹೂಂ ಎಂದರೆ ಇದ್ದುದೆಲ್ಲ ಹೋಗುತ್ತದೆ. ಆದುದರಿಂದ ಸ್ಕಸಿ ಕಾರ್ಡು ಇರುವ ಮತ್ತೊಂದು ಗಣಕದಲ್ಲಿ, ಬರೆಯದೆ ಓದುವ ಕ್ರಮದಿಂದಲೇ ಪಡಿಯಚ್ಚನ್ನು ತೆಗೆಯಲಾಯಿತು. ಇದಕ್ಕೆ ಉಪಯೋಗಿಸಿದ ತಂತ್ರಾಂಶವು ಗ್ನೂ ಡಿಡಿರೆಸ್ಕ್ಯೂ ಎಂಬುದು. ಇದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದುವ ಖಂಡಗಳನ್ನೆಲ್ಲ ತೆಗೆದುಕೊಂಡು, ತಡೆಯುಂಟಾದಲ್ಲಿ ನಿಂತು ಗುದ್ದಾಡದೆ ಮುಂದೆ ಹೋಗುತ್ತದೆ. ಬಿಟ್ಟ ಎಡೆಗಳನ್ನು ಒಂದು ನಕ್ಷೆಯಲ್ಲಿ ಗುರುತುಮಾಡಿಟ್ಟುಕೊಂಡು ಮುಂದಿನ ಸುತ್ತುಗಳಲ್ಲಿ ಅವನ್ನು ಮಾತ್ರ ಮತ್ತೆ ಯತ್ನಿಸುತ್ತದೆ. ಮುಪ್ಪಾದ ಡಿಸ್ಕು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಾದುದರಿಂದ ಸುಲಭವಾದುದನ್ನು ಮೊದಲು ಕೈವಶಮಾಡಿಕೊಳ್ಳುವ ಈ ವಿಧಾನವು ಯುಕ್ತವಾದುದು.

ಓದಿದುದು ಸರಿಯೆಂದು ತಿಳಿಯುವುದು ಹೇಗೆ? ಪ್ರತಿಯೊಂದು ಖಂಡದೊಡನೆ ಅದರಲ್ಲಿರುವ ಬೈಟುಗಳಿಂದಲೇ ಗಣಿಸಿದ ಒಂದು ಪರೀಕ್ಷಾಸಂಖ್ಯೆಯನ್ನು ಡಿಸ್ಕು ಬರೆದಿಟ್ಟಿರುತ್ತದೆ. ಓದುವಾಗ ಮತ್ತೆ ಗಣಿಸಿದ ಸಂಖ್ಯೆಯು ಅದಕ್ಕೆ ಹೊಂದದಿದ್ದರೆ ದೋಷವಿದೆಯೆಂದರ್ಥ. ವೇದಪಾಠದಲ್ಲಿ ಪದ, ಕ್ರಮ, ಜಟಾ, ಘನಗಳೆಂಬ ಪಾಠಗಳು ಸಂಹಿತೆಯನ್ನು ಕಾಯುವ ಬಗೆಯನ್ನು ಬಲ್ಲವರಿಗೆ ಇದು ವಿಸ್ಮಯಕರವೆನಿಸದು: ಹೇಳಿದುದನ್ನೇ ಮತ್ತೊಂದು ಕ್ರಮದಲ್ಲಿ ಹೇಳಿಸಿದರೆ ತಪ್ಪು ಅಡಗಲಾರದು. ಇಡೀ ಪಡಿಯಚ್ಚಿಗೂ ಇಂತಹದೇ ಒಂದು ಮುದ್ರಾಸಂಖ್ಯೆಯನ್ನು ಗಣಿಸಿ ಬರೆದಿಟ್ಟೆವು. ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥದಂತೆ ಎಣಿಸಿ ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದರ ಪ್ರಯೋಜನವೇ ಇದರದೂ. ಮುಂದೆ ಯಾರ ಕೈಯಲ್ಲಿ ಎಷ್ಟು ಪ್ರತಿಗಳಾದರೂ ಆ ಸಂಖ್ಯೆಯು ಹೊಂದಿದರೆ ಪ್ರತಿಯು ಶುದ್ಧವೆಂದು ತಿಳಿಯಬಹುದು.

ಮೊದಲ ಓದಿನಲ್ಲಿ ಹಲವು ಖಂಡಗಳು ಬರಲಿಲ್ಲ. ಇದರ ಕಾರಣವು ತಿಳಿಯತಕ್ಕುದಾಗಿದೆ. ಇಂದಿನ ಡಿಸ್ಕುಗಳಲ್ಲಿ ಹೆಡ್ಡು ತಾನು ಯಾವ ಪಥದ ಮೇಲಿದ್ದೇನೆಂಬುದನ್ನು ತಟ್ಟೆಯ ಮೇಲಣ ಗುರುತುಗಳಿಂದಲೇ ತಿಳಿದು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಎಸ್‌ಟಿ-೨೨೫ಎನ್ ಜಾತಿಯ ಹಳೆಯ ಡಿಸ್ಕುಗಳಲ್ಲಿ ಆ ಅನುಕೂಲವಿಲ್ಲ. ಸ್ಟೆಪ್ಪರ್ ಮೋಟಾರು ಹೆಡ್ಡನ್ನು ಎಣಿಸಿದಷ್ಟು ಹೆಜ್ಜೆ ಸರಿಸಿ ನಿಲ್ಲಿಸುತ್ತದೆ, ಅಷ್ಟೆ. ಕುರುಡನು ಮನೆಯಲ್ಲಿ ಹೆಜ್ಜೆಯೆಣಿಸಿ ಬಾಗಿಲನ್ನು ಸೇರುವಂತೆ. ಲೋಹವು ಕಾವಿಗೆ ಹಿಗ್ಗುವುದರಿಂದ ಗಂಟೆಗಟ್ಟಲೆ ಓಡಿ ಬಿಸಿಯೇರಿದ ಡಿಸ್ಕಿನ ಮೇಲೆ ಬರೆದ ಪಥವು ತಣ್ಣಗಿರುವಾಗ ಹೆಡ್ಡಿನ ನೆಟ್ಟನೆಯ ಕೆಳಗೆ ಬೀಳುವುದಿಲ್ಲ. ಬೆಂಗಳೂರಿನ ಮಾಗಿಯ ಬೆಳಗಿನ ಚಳಿಯಲ್ಲಿ ಈ ಅಂತರವು ಓದನ್ನು ಕೆಡಿಸಲು ಸಾಲುತ್ತದೆ. ಡಿಸ್ಕನ್ನು ಅರ್ಧ ಗಂಟೆಯ ಕಾಲ ಸುಮ್ಮನೆ ತಿರುಗಗೊಟ್ಟು ಮಧ್ಯಾಹ್ನದಲ್ಲಿ ಮತ್ತೆ ಓದಿಸಲು, ಬಾರದಿದ್ದ ಖಂಡಗಳಲ್ಲಿ ಬಹುಭಾಗವು ಬಂದಿತು. ದೋಷವು ಅಕ್ಷರದಲ್ಲಿರದೆ ಓದುವ ಕಣ್ಣಿನ ನೆಲೆಯಲ್ಲಿತ್ತು.

ಎಷ್ಟು ಯತ್ನಿಸಿದರೂ ಬಾರದ ಖಂಡಗಳು ಕೆಲವು ಉಳಿದುವು. ಅವುಗಳ ಸ್ಥಾನದಲ್ಲಿ ಸೊನ್ನೆಗಳನ್ನು ತುಂಬಿ ಸುಮ್ಮನಾದರೆ ಮೂಲದಲ್ಲಿಯೇ ಬರಿದಾಗಿದ್ದ ಖಂಡಕ್ಕೂ ನಷ್ಟವಾದ ಖಂಡಕ್ಕೂ ಭೇದವು ತಿಳಿಯುವುದಿಲ್ಲ. ಆದಕಾರಣ ನಷ್ಟವಾದ ಎಡೆಗಳಲ್ಲಿ ಬೇರೆಲ್ಲಿಯೂ ಬರದ ಒಂದು ಗುರುತನ್ನು ತುಂಬಿಸಿದೆವು. ಸಂಪಾದಕರು ಗ್ರಂಥಪಾತವನ್ನು ಚುಕ್ಕೆಗಳಿಂದ ಸೂಚಿಸುವರೇ ಹೊರತು ಊಹಿಸಿದ ಪಾಠವನ್ನು ಸದ್ದಿಲ್ಲದೆ ಸೇರಿಸುವುದಿಲ್ಲವಷ್ಟೆ.

೫. ಲಿಪಿಯ ಕೀಲಿ

ಪಡಿಯಚ್ಚು ದೊರೆತ ಮೇಲೆ ಕೆಲಸವು ಮುಗಿಯಿತೆಂದು ಯಂತ್ರಜ್ಞರು ಭಾವಿಸುವುದು ಸಹಜ. ನಮ್ಮ ಕೆಲಸವು ಪ್ರಾರಂಭವಾದುದು ಅಲ್ಲಿಂದಲೇ.

ವೈಯಾಲಿಕಾವಲ್ ಎಂಬ ಹೆಸರನ್ನೇ ನೋಡಿರಿ. ಕಾವಲ್ ಎಂದರೆ ಹುಲ್ಲಿಗಾಗಿ ಕಾಯ್ದಿರಿಸಿದ ಬಯಲು. ವೈಹಾಳಿ ಎಂದರೆ ಕುದುರೆಯ ಸವಾರಿ. ಈ ಎರಡು ಮಾತುಗಳನ್ನು ಬಲ್ಲವರಿಗೆ ಊರಿನ ಹೆಸರು ತಾನೇ ತನ್ನ ಅರ್ಥವನ್ನು ಹೇಳುವಂತೆ ತೋರುತ್ತದೆ. ಅರಿಯದವರಿಗೆ ಅದು ಬರಿಯ ಧ್ವನಿ. ಅಂತೆಯೇ, ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಕೌಟಲೀಯ ಅರ್ಥಶಾಸ್ತ್ರದ ಓಲೆಯ ಪ್ರತಿಯು ಗ್ರಂಥಲಿಪಿಯಲ್ಲಿತ್ತು. ಆ ಲಿಪಿಯನ್ನು ಓದಬಲ್ಲ ಆರ್. ಶಾಮಶಾಸ್ತ್ರಿಗಳಂತಹ ಪಂಡಿತರು ಅಲ್ಲಿದ್ದುದರಿಂದ ಆ ಶಾಸ್ತ್ರವು ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯಿತು. ಓಲೆಯು ಉಳಿದು ಲಿಪಿಜ್ಞಾನವು ಅಳಿದಿದ್ದರೆ ಗ್ರಂಥವು ಇದ್ದೂ ಇಲ್ಲದಂತಾಗುತ್ತಿತ್ತು.

ಡಿಸ್ಕಿನಲ್ಲಿರುವುದು ಅಕ್ಷರಗಳಲ್ಲ, ಸಂಖ್ಯೆಗಳು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದನ್ನು ನಿರ್ಣಯಿಸುವ ಒಪ್ಪಂದವು ಬೇರೆಯಾಗಿ ಇರಬೇಕು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತಪದ್ಧತಿಯು ೧೯೯೧ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನವು ದೊರೆಯಿತು. ಆದರೆ ಮನೆಮನೆಯ ಗಣಕಗಳಲ್ಲಿ ಇವು ರೂಢಿಗೆ ಬರಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಜನರು ಅನುಸರಿಸಿದ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ಆಕೃತಿಗಳನ್ನು ಬರೆದ ಫಾಂಟುಗಳು. ಒಂದೊಂದು ಫಾಂಟಿನ ಕಟ್ಟಳೆಯೂ ಒಂದೊಂದು ಬಗೆ. ನಮ್ಮ ಅಧ್ಯಾಪಕರು ಉಪಯೋಗಿಸಿದುದು ಇಂತಹದೇ ಒಂದು ಫಾಂಟು. ಆ ಕಾಲದ ಮ್ಯಾಕಿಂಟಾಶಿನ ತೆರೆಯ ಫಾಂಟಿನಲ್ಲಿ ಅಕ್ಷರವೆಂದರೆ ರಂಗೋಲಿಯಂತೆ ಚುಕ್ಕೆಗಳ ಜೋಡಣೆ. ತಾಳ್ಮೆಯುಳ್ಳವರು ಹೊಸ ಆಕೃತಿಗಳನ್ನು ತಾವೇ ರಚಿಸಿಕೊಳ್ಳಬಹುದಾಗಿತ್ತು.

ಇಲ್ಲಿಯೇ ಒಂದು ಅಪಾಯವಿದೆ. ಮ್ಯಾಕಿಂಟಾಶಿನ ಕಡತಕ್ಕೆ ಎರಡು ಶಾಖೆಗಳುಂಟು: ದತ್ತಾಂಶದ ಶಾಖೆ ಒಂದು, ಸಂಪನ್ಮೂಲದ ಶಾಖೆ ಮತ್ತೊಂದು. ಪಠ್ಯವು ಮೊದಲನೆಯದರಲ್ಲಿಯೂ ಫಾಂಟು ಮೊದಲಾದ ಉಪಕರಣಗಳು ಎರಡನೆಯದರಲ್ಲಿಯೂ ಇರುತ್ತವೆ. ಇತರ ಗಣಕಗಳಿಗೆ ಈ ಎರಡನೆಯ ಶಾಖೆಯ ಪರಿಚಯವಿಲ್ಲವಾದುದರಿಂದ ಕಡತಗಳನ್ನು ನೇರವಾಗಿ ನಕಲು ಮಾಡಿದರೆ ಅದು ಉದುರಿಹೋಗುತ್ತದೆ. ನಕಲು ಮಾಡಿದವನಿಗೆ ಏನೂ ಕಳೆದಂತೆ ತೋರುವುದಿಲ್ಲ. ಪಠ್ಯದ ಕಡತವು ಅಷ್ಟೇ ಗಾತ್ರದಲ್ಲಿ ಮುಂದಿರುತ್ತದೆ. ಓದುವ ಕೀಲಿಯು ಮಾತ್ರ ಹಿಂದುಳಿದಿರುತ್ತದೆ. ಇಡೀ ಡಿಸ್ಕಿನ ಪಡಿಯಚ್ಚನ್ನೇ ತೆಗೆಯಬೇಕೆಂದು ಹಿಂದೆ ಹೇಳಿದುದಕ್ಕೆ ಇದು ಎರಡನೆಯ ಹಾಗೂ ಬಲವತ್ತರವಾದ ಕಾರಣ.

ಪಡಿಯಚ್ಚನ್ನು ಮಿನಿ ವಿಮ್ಯಾಕ್ ಎಂಬ ತಂತ್ರಾಂಶದಲ್ಲಿ ತೆರೆದೆವು. ಇದು ಇಂದಿ‌ನ ಗಣಕದೊಳಗೆ ಮ್ಯಾಕಿಂಟಾಶ್ ಪ್ಲಸ್ಸನ್ನು ಅನುಕರಿಸಿ ನಡೆಸುತ್ತದೆ. ಮೂಲದ ಫಾಂಟು ಜೊತೆಯಲ್ಲಿಯೇ ಇದ್ದುದರಿಂದ ಪದಸೂಚಿಯು ಅಧ್ಯಾಪಕರು ಕಂಡ ರೂಪದಲ್ಲಿಯೇ ತೆರೆಯ ಮೇಲೆ ಮೂಡಿತು.

೬. ಶ್ರಾವಣವೂ ಚಾಕ್ಷುಷವೂ

ಅಕ್ಷರವು ಕಿವಿಗೆ ಶ್ರಾವಣ, ಕಣ್ಣಿಗೆ ಚಾಕ್ಷುಷ ಎಂಬ ಭೇದವು ವ್ಯಾಕರಣವನ್ನು ಓದಿದವರಿಗೆ ವಿದಿತವೇ ಆಗಿದೆ. ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡಿಗೆ ತರುವ ಕಾರ್ಯದ ತಿರುಳೆಲ್ಲ ಈ ಭೇದದಲ್ಲಿ ಅಡಗಿದೆ. ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಹಳೆಯ ಫಾಂಟುಗಳು ಲೇಖನದ ಕ್ರಮವನ್ನು ಅನುಸರಿಸುತ್ತವೆ.

ಧರ್ಮ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಉಚ್ಚಾರಣೆಯಲ್ಲಿ ಧಕಾರದ ಮುಂದೆ ರೇಫ, ಅದರ ಮುಂದೆ ಮಕಾರ. ಬರೆಯುವಾಗ ಧಕಾರ, ಮಕಾರ, ಆಮೇಲೆ ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಸಂಗ್ರಹವಾಗಿರುವುದು ಈ ಎರಡನೆಯ ಕ್ರಮವೇ. ಸ್ತ್ರೀ ಎಂಬಲ್ಲಿ ಇನ್ನೂ ಹೆಚ್ಚಿನ ವ್ಯತ್ಯಾಸವುಂಟು: ಮೊದಲು ಗುಡಿಸಿನೊಡನೆ ಕೂಡಿದ ಸಿ ಎಂಬ ಆಕೃತಿ, ಆಮೇಲೆ ತಕಾರದ ಒತ್ತು, ಆಮೇಲೆ ರಕಾರದ ಒತ್ತು, ಕೊನೆಗೆ ದೀರ್ಘದ ಚಿಹ್ನೆ. ಸ್ವರವು ಎರಡು ತುಂಡಾಗಿ ವ್ಯಂಜನಗಳ ಆಚೆ ಈಚೆ ನಿಂತಿರುತ್ತದೆ. ಆದುದರಿಂದ ಒಂದು ಸಂಕೇತಕ್ಕೆ ಪ್ರತಿಯಾಗಿ ಒಂದು ಅಕ್ಷರವನ್ನಿಡುವ ಪಟ್ಟಿಯಿಂದ ಈ ಕಾರ್ಯವು ಸಿದ್ಧಿಸುವುದಿಲ್ಲ. ಕಾಗುಣಿತವನ್ನು ಬಿಡಿಸಿ, ಕ್ರಮವನ್ನು ಮಾರ್ಪಡಿಸಿ, ಮತ್ತೆ ಕೂಡಿಸುವ ನಿಯಮಗಳು ಬೇಕು. ಪ್ರಸಿದ್ಧವಾದ ಕೆಲವು ಫಾಂಟುಗಳಿಗೆ ಇಂತಹ ಪರಿವರ್ತಕಗಳು ಸಿದ್ಧವಾಗಿ ದೊರೆಯುತ್ತವೆ.

ಉಚ್ಚಾರಣಾಕ್ರಮದ ಮಹತ್ತ್ವವನ್ನು ಕನ್ನಡದ ಗಣಕಕಾರ್ಯದಲ್ಲಿ ಮೊದಲು ಮನಗಂಡವರಲ್ಲಿ ಕೆ. ಪಿ. ರಾಯರು ಪ್ರಮುಖರು. ಅವರು ರಚಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಧ್ವನಿಯ ಕ್ರಮದಲ್ಲಿ ಒತ್ತಿದರೆ ಲಿಪಿಯ ಆಕೃತಿಯನ್ನು ಯಂತ್ರವೇ ಕಟ್ಟಿಕೊಡುತ್ತದೆ. ಆ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ಸೇಡಿಯಾಪು. ಛಂದಸ್ಸು, ಶಬ್ದಾರ್ಥಶೋಧನೆಗಳಲ್ಲಿ ಅಸಾಧಾರಣ ಪಂಡಿತರಾಗಿದ್ದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಅದು. ಯಂತ್ರಶಾಸ್ತ್ರಕ್ಕೂ ನಮ್ಮ ಶಾಸ್ತ್ರಗಳಿಗೂ ನೆಂಟಸ್ತಿಕೆಯಿದೆಯೆಂಬುದಕ್ಕೆ ಈ ಹೆಸರೊಂದೇ ಸಾಕ್ಷಿ.

ಇನ್ನು ಪ್ರಕೃತ ಪದಸೂಚಿಯ ವಿಚಾರ. ಹಳಗನ್ನಡದ ಕೋಶಕ್ಕೆ ಱಕಾರವೂ ೞಕಾರವೂ ಅನಿವಾರ್ಯ. ಅರಿ ಎಂದರೆ ಶತ್ರು, ಅಱಿ ಎಂದರೆ ತಿಳಿ. ಅಳಿ ಎಂದರೆ ದುಂಬಿ, ಅೞಿ ಎಂದರೆ ನಾಶವಾಗು. ಆಳ್ ಎಂದರೆ ಸೇವಕ, ಆೞ್ ಎಂದರೆ ಮುಳುಗು. ಹೊಸಗನ್ನಡಕ್ಕಾಗಿ ರಚಿತವಾದ ಆ ಫಾಂಟಿನಲ್ಲಿ ಇವೆರಡಕ್ಕೂ ಸ್ಥಾನವಿರಲಿಲ್ಲ. ಅಧ್ಯಾಪಕರು ಉಪಯೋಗವಿಲ್ಲದ ಸ್ಥಾನಗಳನ್ನು ಹುಡುಕಿ ಅಲ್ಲಿ ಈ ಎರಡು ಅಕ್ಷರಗಳನ್ನೂ ಅವುಗಳ ಗುಣಿತರೂಪಗಳನ್ನೂ ಚುಕ್ಕೆಚುಕ್ಕೆಯಾಗಿ ತಾವೇ ಬರೆದುಕೊಂಡಿದ್ದರು. ಈ ಸಂಗತಿಯು ಯಾವ ಪುಸ್ತಕದಲ್ಲಿಯೂ ಇಲ್ಲ. ಡಿಸ್ಕಿನ ಫಾಂಟಿನಲ್ಲಿ ಮಾತ್ರ ಇದೆ.

ಸಿದ್ಧವಾಗಿ ದೊರೆಯುವ ಪರಿವರ್ತಕವೊಂದನ್ನು ಇದಕ್ಕೆ ಹೊಂದಿಸಿ ನೋಡಲು, ಆ ಸಂಕೇತಗಳ ಅರ್ಥವನ್ನು ಅರಿಯದ ಅದು ಕೆಲವನ್ನು ಬಿಟ್ಟುಬಿಟ್ಟಿತು, ಕೆಲವನ್ನು ವಿರಾಮಚಿಹ್ನೆಗಳಾಗಿ ಮಾರ್ಪಡಿಸಿತು. ಇದನ್ನು ಕಂಡವರೊಬ್ಬರು ಅವುಗಳ ಸ್ಥಾನದಲ್ಲಿ ರಕಾರ ಳಕಾರಗಳನ್ನೇ ಇಟ್ಟರೆ ಇಂದಿನ ಓದುಗರಿಗೆ ಸುಲಭವಾಗುವುದೆಂದು ಸೂಚಿಸಿದರು. ಹಾಗೆ ಮಾಡಿದ್ದರೆ ಪದಸೂಚಿಯ ಸಾರವೇ ಹೋಗುತ್ತಿತ್ತು. ಏಕೆಂದರೆ ಅಧ್ಯಾಪಕರು ರಕಾರ ಱಕಾರಗಳುಳ್ಳ ಒಂದೊಂದು ಪದಕ್ಕೂ ಅದು ದ್ವಿತೀಯಾಕ್ಷರಪ್ರಾಸದ ಸ್ಥಾನದಲ್ಲಿ ಬಂದಿದೆಯೇ ಎಂಬುದನ್ನು ಗುರುತಿಸಿದ್ದಾರೆ. ಪ್ರಾಸದಲ್ಲಿ ರಕಾರಕ್ಕೆ ರಕಾರವೂ ಱಕಾರಕ್ಕೆ ಱಕಾರವೂ ಬರಬೇಕಾದುದರಿಂದ ಪದದ ನಿಜವಾದ ರೂಪವನ್ನು ನಿರ್ಣಯಿಸಲು ಇದು ಪ್ರಬಲವಾದ ಪ್ರಮಾಣ. ಲಿಪಿಕಾರರ ಕೈಯಲ್ಲಿ ಈ ಅಕ್ಷರಗಳು ಬೆರೆತುಹೋದ ಪ್ರತಿಗಳನ್ನು ತಿದ್ದುವ ಸಾಧನವೇ ಮತ್ತೊಮ್ಮೆ ಬೆರೆತುಹೋದರೆ ಗತಿಯೇನು?

ಆದುದರಿಂದ ಮೂಲದ ಫಾಂಟಿನ ಒಂದೊಂದು ಆಕೃತಿಯನ್ನೂ ಅದರ ಸಂಖ್ಯೆಯೊಡನೆ ಪಟ್ಟಿಮಾಡಿ, ಉಳಿದಿದ್ದ ಮುದ್ರಿತ ಹಾಳೆಗಳೊಡನೆ ತಾಳೆನೋಡಿ, ಈ ಡಿಸ್ಕಿಗೇ ಮೀಸಲಾದ ಪರಿವರ್ತನಾಪಟ್ಟಿಯನ್ನು ರಚಿಸಿದೆವು. ಯೂನಿಕೋಡಿನಲ್ಲಿ ಱಕಾರಕ್ಕೂ ೞಕಾರಕ್ಕೂ ಸ್ಥಾನವಿರುವುದು ಸಂತೋಷದ ವಿಷಯ. ಆದರೆ ೞಕಾರಕ್ಕೆ ಅಲ್ಲಿ ತಪ್ಪಾಗಿ ಫ಼ ಎಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಉಪನಾಮವಾಗಿ ಸೇರಿಸಿದ್ದಾರೆ. ಹೆಸರನ್ನು ಮಾತ್ರ ನೋಡಿ ಕೆಲಸಮಾಡುವವನು ಇಲ್ಲಿ ಎಡವುವನು. ಅಕ್ಷರವನ್ನು ಬಲ್ಲವನು ಎಡವನು.

೭. ಆಕ್ಷೇಪಗಳೂ ಸಮಾಧಾನಗಳೂ

ವಿದ್ವಾಂಸರ ಮುಖ್ಯ ಕೃತಿಗಳು ಹೇಗೂ ಅಚ್ಚಾಗಿವೆ, ಡಿಸ್ಕುಗಳಲ್ಲಿ ಉಳಿದುದು ಬರಿಯ ಕರಡು. ಅದಕ್ಕೆ ಇಷ್ಟು ಶ್ರಮವೇಕೆ ಎಂಬುದು ಮೊದಲ ಆಕ್ಷೇಪ. ಅಚ್ಚಿನ ಪುಸ್ತಕದಲ್ಲಿ ಬಂದಿರುವುದು ನಿರ್ಣಯ. ನಿರ್ಣಯಕ್ಕೆ ಆಧಾರವಾದ ಸಾಮಗ್ರಿಯು ಪುಟದ ಮಿತಿಯಿಂದ ಹೊರಗುಳಿದಿರುತ್ತದೆ. ಪಾಠಾಂತರಗಳನ್ನು ಮರುವಿಮರ್ಶೆ ಮಾಡುವವರಿಗೆ ಬೇಕಾದುದು ಆ ಸಾಮಗ್ರಿಯೇ. ಪ್ರಕೃತ ಪದಸೂಚಿಯಂತೂ ಅಚ್ಚೇ ಆಗಿಲ್ಲ.

ಯೂನಿಕೋಡಿಗೆ ಬಂದ ಮೇಲೆ ಪಡಿಯಚ್ಚೂ ಹಳೆಯ ಫಾಂಟೂ ಏಕೆ ಬೇಕು ಎಂಬುದು ಎರಡನೆಯದು. ಸಂಶೋಧಿತ ಮುದ್ರಣವು ಬಂದಿತೆಂದು ಯಾರೂ ಓಲೆಯನ್ನು ಒಲೆಗೆ ಹಾಕುವುದಿಲ್ಲ. ಪರಿವರ್ತನೆಯೂ ಒಂದು ವ್ಯಾಖ್ಯಾನವೇ. ಅದರಲ್ಲಿ ಸಂದೇಹ ಬಂದಾಗ ಹೋಗಿ ನೋಡಲು ಮೂಲವಿರಬೇಕು.

ಪಡಿಯಚ್ಚು ದೊರೆತ ಮೇಲೆ ಡಿಸ್ಕನ್ನೇ ದುರಸ್ತಿಮಾಡುವುದರಿಂದೇನು ಎಂಬುದು ಮೂರನೆಯದು. ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ಬ್ಲೂಸ್ಕಸಿ ಮೊದಲಾದ ಸಣ್ಣ ಸಾಧನಗಳು ಈಗ ದೊರೆಯುತ್ತವೆ. ಅವು ಪಡಿಯಚ್ಚನ್ನು ಒಂದು ಮೆಮೊರಿ ಕಾರ್ಡಿನಲ್ಲಿಟ್ಟುಕೊಂಡು ಹಳೆಯ ಗಣಕದ ಎದುರು ತಾವೇ ಹಾರ್ಡ್ ಡಿಸ್ಕಿನಂತೆ ವರ್ತಿಸುತ್ತವೆ. ವೈಯಾಲಿಕಾವಲಿನ ಮ್ಯಾಕಿಂಟಾಶು ಈಗ ಟ್ರಾನ್ಸ್‌ಫಾರ್ಮರಿನ ನೆರವಿನಿಂದ ಹಾಗೆಯೇ ನಡೆಯುತ್ತಿದೆ. ಮೂಲದ ಡಿಸ್ಕಿಗೆ ಮಾತ್ರ ವಿಶ್ರಾಂತಿ ಕೊಡಲಾಗಿದೆ. ಪೂಜೆಗೆ ಉತ್ಸವಮೂರ್ತಿಯು ಹೊರಬಂದರೂ ಮೂಲಮೂರ್ತಿಯು ಗರ್ಭಗುಡಿಯಲ್ಲಿರುವಂತೆ ಅದು ಅಲ್ಲಿಯೇ ಇರಲಿ. ಇಂದು ಬಾರದ ಖಂಡಗಳನ್ನು ನಾಳಿನ ಉಪಕರಣವು ಓದಬಹುದು.

೮. ಉಪಸಂಹಾರ

ಈ ಶ್ರಮದಿಂದ ಗದಾಯುದ್ಧದ ಪದಸೂಚಿಯು ಮೂರು ಎಡೆಗಳಲ್ಲಿ ಗ್ರಂಥಪಾತವನ್ನುಳಿದು ಸಮಗ್ರವಾಗಿ ದೊರೆತಿದೆ. ಗ್ರಂಥಪಾತಗಳಲ್ಲಿ ಒಂದನ್ನು ಮುದ್ರಿತ ಹಾಳೆಯಿಂದ ತುಂಬಲು ಸಾಧ್ಯವಾಯಿತು. ಅಲ್ಲಿ ಹಾಗೆಂದು ಸೂಚಿಸಿದೆ. ಉಳಿದೆರಡು ಹಾಗೆಯೇ ಇವೆ.

ಇಂತಹ ಪೆಟ್ಟಿಗೆಗಳು ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಇನ್ನೂ ಇರಬಹುದು. ನಾಡಿನ ಇತರ ಊರುಗಳಲ್ಲಿಯೂ ಇರಬಹುದು. ಮನೆ ಬದಲಿಸುವಾಗ ಹಳೆಯ ಸಾಮಾನಿನೊಡನೆ ಅವು ತೂಕಕ್ಕೆ ಹೋಗುತ್ತವೆ. ಅಧ್ಯಾಪಕಮಿತ್ರರು ತಮ್ಮ ಗುರುಗಳ, ಹಿರಿಯ ಸಹೋದ್ಯೋಗಿಗಳ ಮನೆಗಳಲ್ಲಿ ಇಂತಹವು ಕಂಡಾಗ ನಾಲ್ಕು ಸಂಗತಿಗಳನ್ನು ನೆನೆದರೆ ಸಾಕು. ಯಂತ್ರವನ್ನು ತಾವಾಗಿ ವಿದ್ಯುತ್ತಿಗೆ ಜೋಡಿಸಬಾರದು. ಗಣಕ, ಡಿಸ್ಕು, ಕೇಬಲು, ಫ್ಲಾಪಿ, ಮುದ್ರಿತ ಹಾಳೆ ಇವನ್ನು ಒಂದರಿಂದೊಂದು ಅಗಲಿಸಬಾರದು. ಹಾಳೆಯೊಂದು ಫಾಂಟಿನ ಕೀಲಿಯಾಗಬಲ್ಲುದು. ಯಾವ ವರ್ಷದಲ್ಲಿ ಯಾರು ಯಾವ ಕೃತಿಗಾಗಿ ಅದನ್ನು ಬಳಸಿದರೆಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕು. ಕುಶಲಿಗಳಿಗೆ ಒಪ್ಪಿಸುವಾಗ ಕಡತಗಳ ನಕಲು ಸಾಲದು, ಇಡೀ ಡಿಸ್ಕಿನ ಪಡಿಯಚ್ಚೇ ಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ಪ್ರಾಚೀನ ಲಿಪಿಕಾರನು ತನ್ನ ಮುಂದಿನ ಓಲೆಯಲ್ಲಿ ಕಂಡುದನ್ನು ಕಂಡಂತೆ ಬರೆದನು; ಅದನ್ನು ತಿದ್ದುವ ಅಧಿಕಾರವನ್ನು ವಿದ್ವಾಂಸರಿಗೆ ಬಿಟ್ಟನು. ಯಂತ್ರಜ್ಞರು ಆ ಲಿಪಿಕಾರನ ಸ್ಥಾನದಲ್ಲಿ ನಿಂತು ತಮ್ಮ ಕರ್ತವ್ಯವನ್ನು ಮಾಡಬಲ್ಲರು. ರಕಾರವಾವುದು ಱಕಾರವಾವುದು ಎಂದು ಹೇಳಬೇಕಾದವರು ನಾವು.